ಬಿಳಿ ಮಂಜು ಚಿತ್ರದಲ್ಲಿ ಬೂದು ಬಣ್ಣಕ್ಕೆ ತಿರುಗುವುದೇಕೆ?

ಪ್ರಶ್ನೆ: ಚಳಿಗಾಲದ ಬೆಳಗಿನಲ್ಲಿ ಕಪ್ಪತಗುಡ್ಡದ ಮೇಲೆ ಹರಡಿದ ಮಂಜು ಕಣ್ಣಿಗೆ ಬೆಳ್ಳಗೆ ಕಂಡರೂ ನಾನು ತೆಗೆದ ಚಿತ್ರಗಳಲ್ಲಿ ಬೂದು ಬಣ್ಣದಲ್ಲಿ ಮಂಕಾಗಿ ಬರುತ್ತದೆ. ಜನವರಿಯಲ್ಲಿ ಮನಾಲಿಗೆ ಹೊರಟಿದ್ದೇನೆ. ಅಲ್ಲಿನ ಹಿಮವೂ ಹೀಗೆಯೇ ಬರುವುದೇ? ಚಳಿಗೆ ಕ್ಯಾಮೆರಾ ಕೆಡುವ ಭಯವಿದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಕ್ಯಾಮೆರಾದ ಲೆಕ್ಕಕ್ಕೇ ಬಿಟ್ಟರೆ ಹಿಮವೂ ಹೀಗೆಯೇ ಬರುತ್ತದೆ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಎದುರಿನ ದೃಶ್ಯವು ಒಟ್ಟಾರೆ ನಡುಬೂದು ಬಣ್ಣದ್ದೆಂದು ಭಾವಿಸಿಕೊಂಡೇ ಕೆಲಸ ಮಾಡುತ್ತದೆ. ಹೊಲ, ಮರ, ಮನೆಗಳಿರುವ ದೃಶ್ಯದಲ್ಲಿ ಅದು ಸರಿಹೋಗುತ್ತದೆ, ಆದರೆ ಚೌಕಟ್ಟಿನ ತುಂಬ ಬಿಳುಪೇ ಇದ್ದಾಗ ಬೆಳಕು ಅತಿಯಾಯಿತೆಂದು ತಿಳಿದು ತಗ್ಗಿಸಿಬಿಡುತ್ತದೆ. ಆದ್ದರಿಂದ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮಾಪಕದ ಲೆಕ್ಕಕ್ಕಿಂತ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೌಲಭ್ಯ) ಬಳಸಿ ನೀವೇ ಬೆಳಕನ್ನು ಏರಿಸಬೇಕು: ಮಂಜಿಗೆ ಸಾಮಾನ್ಯವಾಗಿ ಅರ್ಧದಿಂದ 1 ಸ್ಟಾಪ್ (1 ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟಾಗುತ್ತದೆ), ಬಿಸಿಲು ಬಿದ್ದ ಹಿಮಕ್ಕೆ 1ರಿಂದ 2 ಸ್ಟಾಪ್. ಬಳಿಕ ಚಿತ್ರದ ಕಪ್ಪುಭಾಗವನ್ನು ಎಡಕ್ಕೂ ಬಿಳಿಭಾಗವನ್ನು ಬಲಕ್ಕೂ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್ ನೋಡಿ. ಅದು ಬಲಕ್ಕೆ ಸರಿದಿರಬೇಕು, ಆದರೆ ಬಲದಂಚಿಗೆ ಒತ್ತಿ ನಿಂತಿರಬಾರದು, ಏಕೆಂದರೆ ಹಾಗೆ ಅಳಿಸಿಹೋದ ಹಿಮದ ವಿವರವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಹಿಮದ ಮೇಲಿನ ನೆರಳು ನೀಲಿಯಾಗಿ ಬಂದರೆ ಗಾಬರಿಯಾಗಬೇಡಿ. ನೆರಳಿಗೆ ಬೆಳಕು ಕೊಡುವುದು ನೀಲಿ ಆಕಾಶವೇ ಆದ್ದರಿಂದ ಅದನ್ನು ಪೂರ್ತಿ ತೊಡೆದುಹಾಕದಿರುವುದೇ ಲೇಸು.

ಮಂಜಿನ ವಿಷಯದಲ್ಲಿ ಬೆಳಕನ್ನು ಸರಿಪಡಿಸಿದರಷ್ಟೇ ಸಾಲದು. ದೂರದ ವಸ್ತುಗಳು ಮಸುಕಾಗುತ್ತ ಹೋಗುವುದರಿಂದ, ಹತ್ತಿರದಲ್ಲಿ ಕಪ್ಪಾಗಿ ಎದ್ದು ಕಾಣುವ ಜಾಲಿಮರವೋ ಬಂಡೆಯೋ ಇಲ್ಲದಿದ್ದರೆ ಚಿತ್ರಕ್ಕೆ ಆಳವೇ ಬರುವುದಿಲ್ಲ. ಫೋಕಸ್ಸನ್ನೂ ಅದರ ಅಂಚಿನ ಮೇಲೆಯೇ ಹಿಡಿಯಿರಿ. ಬರೀ ಮಂಜಿನಲ್ಲಿ ಆಟೊಫೋಕಸ್ ಹಿಡಿತ ಸಿಗದೆ ತಡಕಾಡುತ್ತದೆ. ಗುಡ್ಡದ ಸಾಲುಗಳು ಒಂದರ ಹಿಂದೊಂದು ಪದರಪದರವಾಗಿ ಕಾಣಬೇಕಾದರೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸ್ ಒಳ್ಳೆಯದು. ನಿಮ್ಮ ಭಾಗದ ಗಾಳಿಯಂತ್ರಗಳನ್ನು ಚೌಕಟ್ಟಿನಿಂದ ಹೊರಗಿಡಲು ಹಲವರು ಹೆಣಗುತ್ತಾರೆ. ನನಗೇನೋ ಮಂಜಿನಿಂದ ತಲೆ ಎತ್ತಿದ ಆ ಕಂಬಗಳೇ ಗುಡ್ಡದ ಅಗಾಧತೆಯನ್ನು ತೋರಿಸುತ್ತವೆ ಅನ್ನಿಸುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವು ತನ್ನ ಶಾಖವನ್ನು ಬೇಗ ಕಳೆದುಕೊಳ್ಳುವುದರಿಂದ, ನೆಲದಲ್ಲಿ ತೇವವಿದ್ದರೆ ಮರುದಿನದ ನಸುಕಿನಲ್ಲಿ ಮಂಜು ಸಿಗುವ ಸಂಭವ ಹೆಚ್ಚು. ಆದರೆ ಕಪ್ಪತಗುಡ್ಡವು 2019ರಿಂದ ವನ್ಯಜೀವಿ ಧಾಮವಾಗಿರುವ ಕಾರಣ, ನಸುಕಿನಲ್ಲಿ ಒಳಹೋಗುವ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿಕೊಳ್ಳಬೇಕು.

ಮನಾಲಿಯಲ್ಲಿ ಚಳಿಗೆ ಮೊದಲು ಸೋಲುವುದು ಬ್ಯಾಟರಿ. ಹೆಚ್ಚಿನದೊಂದನ್ನು ಅಂಗಿಯ ಒಳಜೇಬಿನಲ್ಲಿ, ಮೈಶಾಖ ತಾಗುವಂತೆ ಇಟ್ಟುಕೊಳ್ಳಿ. ಬರಿದಾದಂತೆ ಕಂಡದ್ದೂ ಬೆಚ್ಚಗಾದ ಮೇಲೆ ಮತ್ತೆ ಸ್ವಲ್ಪ ಹೊತ್ತು ನಡೆಯುವುದುಂಟು. ಕ್ಯಾಮೆರಾಕ್ಕೆ ನಿಜವಾದ ಅಪಾಯವಿರುವುದು ಹೊರಗಿನ ಚಳಿಗಿಂತ ಹೆಚ್ಚಾಗಿ ಕೋಣೆಯ ಬಿಸಿಯಲ್ಲಿ, ಏಕೆಂದರೆ ತಣ್ಣಗಾದ ಲೆನ್ಸಿನ ಮೇಲೂ ಒಳಗೂ ಬೆಚ್ಚಗಿನ ಗಾಳಿಯ ತೇವ ನೀರಹನಿಗಳಾಗಿ ಕೂರುತ್ತದೆ. ಆದ್ದರಿಂದ ಒಳಬರುವ ಮೊದಲೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಕೋಣೆಯ ಶಾಖಕ್ಕೆ ಬರುವವರೆಗೆ ಬಿಚ್ಚದೆ ಇಡಿ. ಮೆಮೊರಿ ಕಾರ್ಡನ್ನು ಹೊರಗಿರುವಾಗಲೇ ತೆಗೆದಿಟ್ಟುಕೊಂಡರೆ ಆ ವೇಳೆಯಲ್ಲಿ ದಿನದ ಚಿತ್ರಗಳನ್ನು ನೋಡಿಕೊಳ್ಳಬಹುದು.