ಹಿಂದಿನಿಂದ ಗುದ್ದಿದ ಮೇಲೆ ಬ್ರೇಕ್ ಪೆಡಲ್ ಒಳಗೆ ಹೋಗುತ್ತಿದೆ. ಬಂಪರಿಗೆ ಬಣ್ಣ ಹೊಡೆಸಿದರೆ ಸಾಕೇ?

ಹೆಬ್ಬಾಳ ಮೇಲ್ಸೇತುವೆ ಇಳಿಯುವಲ್ಲಿ ವ್ಯಾನೊಂದು ಹಿಂದಿನಿಂದ ಗುದ್ದಿತು, ಬಂಪರಿನ ಮೇಲೆ ಗೀರು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ, ಬಣ್ಣ ಹೊಡೆಸಿದರೆ ಸಾಕೆಂದು ಮೆಕ್ಯಾನಿಕ್ ಹೇಳಿದರು, ಆದರೆ ಅಂದಿನಿಂದ ಬ್ರೇಕ್ ಪೆಡಲ್ ಹೆಚ್ಚು ಒಳಗೆ ಹೋಗುತ್ತಿದೆ ಎಂದು ಬರೆದಿದ್ದೀರಿ. ಅವರು ಬಂಪರ್ ಬಿಚ್ಚಿ ನೋಡಿದರೇ? ನೋಡದಿದ್ದರೆ ಅವರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಕಣ್ಣಿಗೆ ಕಾಣುವ ಬಂಪರ್ ಬರೀ ಪ್ಲಾಸ್ಟಿಕ್ ಹೊದಿಕೆ. ಏಟು ಬಿದ್ದಾಗ ಒಳಗೆ ಹೋಗಿ, ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಗೆ ಬಂದು ಕೂರುತ್ತದೆ. ಹಿಂದಿರುವ ತಗಡಿಗೆ ಆ ನಾಟಕ ಬರುವುದಿಲ್ಲ. ಹಾಗಾಗಿ ಹಿಂದಿನಿಂದ ಡಿಕ್ಕಿಯಾದರೆ ಮೊದಲು ನೋಡಬೇಕಾದದ್ದು ಡಿಕ್ಕಿಯನ್ನೇ, ಅಂದರೆ ಹಿಂದೆ ಸಾಮಾನಿಡುವ ಜಾಗವನ್ನು. ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು, ಆ ಗುಂಡಿಯ ಅಂಚಿನಲ್ಲಿ ಬೆರಳಾಡಿಸಿ. ತಗಡು ಅಲೆಅಲೆಯಾಗಿದೆಯೇ, ಬಣ್ಣ ಸುಕ್ಕುಗಟ್ಟಿದೆಯೇ ಎಂದು ನೋಡಿ. ಡಿಕ್ಕಿಯ ಬಾಗಿಲು ಮುಚ್ಚಿದಾಗ ಎಡ ಬಲದ ಸಂದು ಒಂದೇ ಸಮ ಇರಬೇಕು.

ಮೈಸೂರಿನಲ್ಲಿರುವ ನನ್ನ ಗ್ಯಾರೇಜಿಗೆ ಕಳೆದ ಮಳೆಗಾಲದಲ್ಲಿ ಇಂಥದ್ದೇ ಕಾರು ಬಂದಿತ್ತು. ಹೊರಗೆ ಬೆರಳುದ್ದದ ಗೀರು, ಅಷ್ಟೇ. ಸ್ಟೆಪ್ನಿ ಎತ್ತಿದರೆ ಕೆಳಗೆ ನೀರು ನಿಂತಿತ್ತು. ಬೆಸುಗೆಯ ಸಾಲಿಗೆ ಬಳಿದಿದ್ದ ಸೀಲರ್ ಬಿರುಕು ಬಿಟ್ಟು ಮಳೆ ಒಳಗಿಳಿದಿತ್ತು, ಜಾಕಿಗೆ ಆಗಲೇ ತುಕ್ಕು ಹಿಡಿದಿತ್ತು. ಟಿಂಕರಿಂಗಿಗೆ ಎರಡು ದಿನ ಹಿಡಿಯಿತು.

ಇನ್ನು ಬ್ರೇಕ್. ಹಿಂದಿನ ಏಟು ಪೆಡಲಿನವರೆಗೆ ಮುಟ್ಟುವುದು ಅಪರೂಪ. ಪೆಡಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್, ಬ್ರೇಕ್ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಎರಡೂ ಮುಂದಿವೆ. ಆದರೆ ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನ ವೈರು ಕಾರಿನ ಹೊಟ್ಟೆಯಡಿ ಸಾಗಿ ಹಿಂದಿನ ಚಕ್ರ ಸೇರುತ್ತವೆ. ಅಲ್ಲಿ ಪೈಪು ಜಜ್ಜಿ ಆಯಿಲ್ ಸೋರುತ್ತಿರಬಹುದು. ಅಥವಾ ಗಾಬರಿಯಲ್ಲಿ ನೀವು ಪೆಡಲನ್ನು ಬಲವಾಗಿ ತುಳಿದಾಗ, ಮೊದಲೇ ಸವೆದಿದ್ದ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿರಬಹುದು. ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಪೆಡಲನ್ನು ಅರ್ಧ ನಿಮಿಷ ಒಂದೇ ಸಮ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಕಾರನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಎರಡು ಮೂರು ಬಾರಿ ಒತ್ತಿದ ಮೇಲೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಹಿಂದಿನ ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಶೂ ಸವೆದಿದೆ. ಅದೂ ಬೇಗ ತೋರಿಸಬೇಕಾದದ್ದೇ. ಬಾನೆಟ್ ತೆರೆದು ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಿ. ಕಡಿಮೆಯಿದ್ದರೆ ತುಂಬಿಸಿ ಸುಮ್ಮನಾಗಬೇಡಿ, ಎಲ್ಲಿ ಹೋಯಿತೆಂದು ಹುಡುಕಿಸಿ.

ವ್ಯಾನಿನವರು ಕೊಟ್ಟರೆಂದು ನೀವು ಬರೆದಿರುವ 3000 ರೂಪಾಯಿ ಬಣ್ಣಕ್ಕೇ ಸಾಲದಿರಬಹುದು. ವಿಮೆಗೆ ಹೋಗುವುದಾದರೆ ಒಂದು ಲೆಕ್ಕ ಹಾಕಿ: ಜೀರೊ ಡೆಪ್ರಿಸಿಯೇಶನ್ (ಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಅರ್ಧ ಬೆಲೆ ನಿಮ್ಮದೇ, ಜೊತೆಗೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಕೈತಪ್ಪುತ್ತದೆ. ಬರೀ ಬಂಪರ್ ಆದರೆ ಕೈಯಿಂದ ಕೊಡುವುದೇ ಮೇಲು. ತಗಡು ಬಾಗಿದ್ದರೆ ಕ್ಲೈಮ್ ಮಾಡಿ. ಯಾವುದಕ್ಕೂ ವಿಮಾ ಕಂಪನಿಗೆ ತಿಳಿಸಿ, ಫೋಟೊ ತೆಗೆದಿಟ್ಟುಕೊಂಡ ನಂತರವೇ ಬಂಪರ್ ಬಿಚ್ಚಿಸಿ.