ಅಮ್ಮನಿಗೆ ಆನ್ಸೆನ್ ಸಂಕೋಚ, ಅಪ್ಪನಿಗೆ ಊಟದ ಚಿಂತೆ

(ಉತ್ತರ ಜಪಾನಿನ ಹಿರೊಸಾಕಿಯಲ್ಲಿ 11 ವರ್ಷಗಳಿಂದ ನೆಲೆಸಿರುವ ಶಿರಸಿಯ ಗೃಹಿಣಿಯೊಬ್ಬರು ಆ ಕಡೆ ಹೊರಟ ಓದುಗರಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಟೋಕಿಯೊ ನೋಡಿ ಆಗಿದೆ. ಈ ಸಲ ಅಪ್ಪ ಅಮ್ಮನನ್ನು ಉತ್ತರಕ್ಕೆ ಕರೆದುಕೊಂಡು ಹೋಗಬೇಕು. ಯಾವಾಗ ಹೋದರೆ ಚೆನ್ನ?
– ಮೈಸೂರಿನ ಓದುಗರು

ಏಪ್ರಿಲ್ ಕೊನೆಗೆ ಬನ್ನಿ. ಟೋಕಿಯೊದಲ್ಲಿ ಚೆರ್ರಿ ಹೂ ಉದುರಿದ ಮೇಲೆ ನಮ್ಮಲ್ಲಿ ಅರಳುತ್ತದೆ. ಕೆಲವು ವರ್ಷ ಸ್ವಲ್ಪ ಬೇಗ ಬರುವುದೂ ಉಂಟು, ಹಾಗಾಗಿ ಹೂವಿನ ಸುದ್ದಿ ನೋಡಿಕೊಂಡು ಹೊರಡಿ. ಹಿರೊಸಾಕಿ ಕೋಟೆಯ ಸುತ್ತ ಸುಮಾರು 2,600 ಚೆರ್ರಿ ಮರಗಳಿವೆ. ಇದು ಸೇಬು ಬೆಳೆಯುವವರ ಊರು. ಸೇಬಿನ ಗಿಡ ಸವರುವ ರೀತಿಯಲ್ಲೇ ಇವನ್ನೂ ಸವರುತ್ತಾರೆ, ಅದಕ್ಕೇ ನೂರು ವರ್ಷ ದಾಟಿದ ಮರಗಳೂ ಕೊಂಬೆ ತುಂಬಾ ಹೂ ಬಿಡುತ್ತವೆ. ಉದುರಿದ ಎಸಳು ಕಂದಕದ ನೀರನ್ನೇ ಮುಚ್ಚಿಬಿಡುತ್ತದೆ. ಕೆಳಗೆ ನೀರಿದೆ ಅಂತಲೇ ಅನ್ನಿಸುವುದಿಲ್ಲ. ನನಗಂತೂ ಅರಳಿದ ದಿನಕ್ಕಿಂತ ಆ ದಿನವೇ ಜಾಸ್ತಿ ಇಷ್ಟ.

ಟೋಕಿಯೊದಿಂದ ಶಿನ್-ಅಓಮೊರಿ ನಿಲ್ದಾಣದವರೆಗೆ ಹಯಾಬುಸಾ ಬುಲೆಟ್ ರೈಲಿನಲ್ಲಿ ಮೂರರಿಂದ ಮೂರೂವರೆ ಗಂಟೆ. ಎಲ್ಲ ಸೀಟೂ ರಿಸರ್ವ್, ಮೊದಲೇ ಬುಕ್ ಮಾಡಿ. ಅಲ್ಲಿಂದ ಹಿರೊಸಾಕಿಗೆ ಸಣ್ಣ ರೈಲು ಸಿಗುತ್ತದೆ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಬಿಸಿನೀರಿನ ಬುಗ್ಗೆಯ ‘ಆನ್ಸೆನ್’ ಸ್ನಾನ ಮಾಡಿಸುವ ಆಸೆ. ಆದರೆ ಬಟ್ಟೆಯಿಲ್ಲದೆ ನಾಲ್ಕು ಜನರ ಮುಂದೆ ಹೇಗೆ ಅಂತ ಒಪ್ಪುತ್ತಿಲ್ಲ.
– ದಾವಣಗೆರೆಯ ಓದುಗರು

ನಿಮ್ಮ ಅಮ್ಮನ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ. ಮೊದಲ ಚಳಿಗಾಲದಲ್ಲಿ ನಾನೂ ಬಾಗಿಲಿನವರೆಗೆ ಹೋಗಿ ಎರಡು ಸಲ ವಾಪಸ್ ಬಂದಿದ್ದೆ. ಮೂರನೇ ಸಲ ಒಬ್ಬರು ಅಜ್ಜಿ ಏನೂ ಮಾತಾಡದೆ ತಮ್ಮ ಪಕ್ಕದ ಪುಟ್ಟ ಸ್ಟೂಲಿಗೆ ನೀರು ಹಾಕಿ ತೊಳೆದು ನನ್ನ ಕಡೆ ಸರಿಸಿದರು. ಕೂತೆ. ಅವರು ಮಾಡಿದ ಹಾಗೇ ಮಾಡಿದೆ.

ಗಂಡಸರು, ಹೆಂಗಸರಿಗೆ ಬೇರೆ ಬೇರೆ ಜಾಗ. ಸಾಮಾನ್ಯವಾಗಿ ಕೆಂಪು ಪರದೆ ಹೆಂಗಸರದು, ನೀಲಿ ಗಂಡಸರದು. ಕೆಲವು ಕಡೆ ರಾತ್ರಿಗೂ ಬೆಳಿಗ್ಗೆಗೂ ಅದಲು ಬದಲು ಮಾಡುತ್ತಾರೆ, ಪ್ರತಿ ಸಲ ನೋಡಿಯೇ ಒಳಗೆ ಹೋಗಿ. ಮೊದಲು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ಮೈ ತೊಳೆಯಬೇಕು. ಆಮೇಲೆ ತೊಟ್ಟಿಗೆ ಇಳಿಯುವುದು. ಅಮ್ಮನಿಗೆ ಹೀಗೆ ಹೇಳಿ: ನಮ್ಮ ಬಚ್ಚಲ ಹಂಡೆಗೆ ಯಾರಾದರೂ ಸೋಪಿನ ಕೈ ಅದ್ದುತ್ತಾರಾ? ಇಲ್ಲಿ ಆ ಹಂಡೆಯೊಳಗೇ ಎಲ್ಲರೂ ಕೂರುತ್ತಾರೆ, ಅಷ್ಟೇ. ಸಣ್ಣ ಟವೆಲ್ ಕೊಡುತ್ತಾರೆ, ತೊಟ್ಟಿಗೆ ನಡೆದು ಹೋಗುವಾಗ ಮುಂದೆ ಹಿಡಿದುಕೊಳ್ಳಬಹುದು. ನೀರಿಗೆ ಮಾತ್ರ ಅದ್ದಬಾರದು. ಮಡಚಿ ತಲೆ ಮೇಲೆ ಇಟ್ಟುಕೊಳ್ಳುತ್ತಾರೆ. ಉದ್ದ ಕೂದಲನ್ನೂ ಮೇಲೆ ಕಟ್ಟಿಕೊಳ್ಳಲಿ.

ನೀರು ನಮ್ಮ ಅಭ್ಯಂಜನದ ನೀರಿನಷ್ಟೇ ಸುಡುತ್ತದೆ. ಐದು ನಿಮಿಷ ಕೂತು ಎದ್ದು, ಮತ್ತೆ ಇಳಿಯಲಿ. ಬಿಪಿ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ.

ಇಷ್ಟಾದರೂ ಒಪ್ಪದಿದ್ದರೆ ಬಲವಂತ ಬೇಡ. ಬುಕ್ ಮಾಡುವಾಗ ‘ಕಾಶಿಕಿರಿ’ ಇದೆಯಾ ಅಂತ ಕೇಳಿ. ಅಂದರೆ ಒಂದಿಷ್ಟು ಹೊತ್ತು ನಿಮಗೆ ಮಾತ್ರ ಬಿಟ್ಟುಕೊಡುವ ಸ್ನಾನದ ಕೋಣೆ. ತಾಯಿ ಮಗಳು ಇಬ್ಬರೇ ಒಳಗಿನಿಂದ ಚಿಲಕ ಹಾಕಿಕೊಂಡು ಕೂರಬಹುದು.

ಸ್ನಾನವಾದ ಮೇಲೆ ಹಾಕಿಕೊಳ್ಳುವ ಯುಕಾತಾ ನಿಲುವಂಗಿಯ ಎಡ ಸೆರಗು ಮೇಲೆ ಬರಬೇಕು. ಬಲ ಸೆರಗನ್ನು ಮೇಲೆ ತರುವುದು ಹೆಣಕ್ಕೆ ಉಡಿಸುವಾಗ ಮಾತ್ರ. ಅನ್ನದ ಬಟ್ಟಲಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸುವುದೂ ಸತ್ತವರಿಗೆ ಎಡೆ ಇಡುವ ರೀತಿ. ಎರಡನ್ನೂ ಅಮ್ಮನಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಅಪ್ಪ ಶುದ್ಧ ಸಸ್ಯಾಹಾರಿ. ಏನು ತಿನ್ನಿಸುವುದು?
– ಹುಬ್ಬಳ್ಳಿಯ ಓದುಗರು

ಕಷ್ಟ ಇದೆ, ಮುಚ್ಚಿಡುವುದಿಲ್ಲ. ಮಾಂಸ ಬೇಡ ಅಂದರೆ ಸಾಲದು. ಮಿಸೊ (ಹುದುಗಿಸಿದ ಸೋಯಾ) ಸಾರು, ನೂಡಲ್ಸಿನ ಸಾರು, ಬೇಯಿಸಿದ ತರಕಾರಿ, ಎಲ್ಲದರ ಬುಡದಲ್ಲೂ ‘ದಾಶಿ’ ಇರುತ್ತದೆ. ಅದು ಹೆಚ್ಚಾಗಿ ಒಣಮೀನಿನ ರಸ. ಇಲ್ಲಿನವರು ಅದನ್ನು ಮೀನು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ನಮ್ಮಲ್ಲಿ ಒಗ್ಗರಣೆಯ ಎಣ್ಣೆ ಇದ್ದ ಹಾಗೆ. ಅದಕ್ಕೇ ‘ದಾಶಿ ಮೊ ತಬೆಮಸೆನ್’, ದಾಶಿಯನ್ನೂ ತಿನ್ನುವುದಿಲ್ಲ ಅಂತ ಬಿಡಿಸಿ ಹೇಳಿ. ಉಳಿಯುವ ಜಾಗಕ್ಕೆ ಒಂದು ವಾರ ಮುಂಚೆಯೇ ಬರೆದು ತಿಳಿಸಿದರೆ ತುಂಬಾ ಕಡೆ ಏನಾದರೂ ಮಾಡಿಕೊಡುತ್ತಾರೆ.

ಟೋಕಿಯೊದಿಂದ ಬರುವ ದಾರಿಯಲ್ಲಿ ಸಿಗುವ ಸೆಂಡಾಯಿ ನಗರದಲ್ಲಿ ‘ಜುಂಡಾ ಮೋಚಿ’ ತಿನ್ನಿಸಿ. ಹಸಿರು ಸೋಯಾ ಕಾಳು ಬೇಯಿಸಿ, ಸಕ್ಕರೆ ಸೇರಿಸಿ ಅರೆದು ಅಕ್ಕಿಯ ಮೆತ್ತನೆ ಉಂಡೆಗೆ ಮೆತ್ತಿರುತ್ತಾರೆ. ಹಸಿರು ಬಣ್ಣದ ಹೂರಣ ಅನ್ನಿ. ಅವಲಕ್ಕಿ, ಚಟ್ನಿಪುಡಿ ಮಾತ್ರ ಚೀಲದಲ್ಲಿ ಇರಲೇಬೇಕು.

ಪ್ರಶ್ನೆ: ಆಗಸ್ಟಿನಲ್ಲಿ ಅಓಮೊರಿಯ ನೆಬುತಾ ಹಬ್ಬಕ್ಕೆ ಹೋಗುತ್ತಿದ್ದೇವೆ. ಹೊರಗಿನವರು ಕುಣಿಯಬಹುದಾ?
– ಬೆಂಗಳೂರಿನ ಓದುಗರು

ಧಾರಾಳವಾಗಿ. ಆಗಸ್ಟ್ 2ರಿಂದ 7ರವರೆಗೆ ಹಬ್ಬ. ಒಳಗೆ ದೀಪ ಹೊತ್ತಿಸಿದ ದೊಡ್ಡ ದೊಡ್ಡ ಕಾಗದದ ವೀರರು ಬೀದಿಯಲ್ಲಿ ಬರುತ್ತಾರೆ. ಅವರ ಜೊತೆ ಕುಣಿಯುವವರು ‘ಹನೆತೊ’. ಆ ಉಡುಪು ಪೂರ್ತಿ ತೊಟ್ಟವರು ಯಾರಾದರೂ ಸೇರಬಹುದು, ಊರಿನಲ್ಲೇ ಬಾಡಿಗೆಗೂ ಸಿಗುತ್ತದೆ. ‘ರಸ್ಸೆರಾ, ರಸ್ಸೆರಾ’ ಅಂತ ಕೂಗುತ್ತಾ ಒಂದೊಂದು ಕಾಲಲ್ಲಿ ಎರಡೆರಡು ಸಲ ಕುಪ್ಪಳಿಸಬೇಕು. ಉಡುಪಿಗೆ ಕಟ್ಟಿದ ಪುಟ್ಟ ಗೆಜ್ಜೆಗಳು ಕುಣಿತಕ್ಕೆ ಕಳಚಿ ಬೀಳುತ್ತವೆ. ಸಿಕ್ಕಿದವರಿಗೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಮೆರವಣಿಗೆ ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಮಕ್ಕಳ ಜೊತೆ ನೀವೂ ಹುಡುಕಿ. ನನಗೆ ಸಿಕ್ಕ ಮೊದಲ ಗೆಜ್ಜೆ ಶಿರಸಿಯಲ್ಲಿ ಅಮ್ಮನ ದೇವರ ಗೂಡಿನಲ್ಲಿದೆ.