ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಬಿಯರ್ ಆಯಿತು ಅಂತಲ್ಲ

ಮನೆಯಲ್ಲಿ ಬಿಯರ್ ಹುದುಗಿಸುವಾಗ, ಬಕೆಟ್ ಮೇಲಿನ ಏರ್‌ಲಾಕ್‌ನಲ್ಲಿ (ಒಳಗಿನ ಗ್ಯಾಸನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ನೀರು ತುಂಬಿದ ಸಣ್ಣ ಕೊಳವೆ) ನಾಲ್ಕನೇ ದಿನಕ್ಕೇ ಗುಳ್ಳೆ ನಿಂತಿದೆ ಅಂದರೆ ಬಕೆಟ್ ಮುಚ್ಚಳದ ಸಂದಿಯಿಂದ ಗ್ಯಾಸ್ ಹೋಗುತ್ತಿರಬಹುದು. ನನ್ನದರಲ್ಲಿ ರಬ್ಬರ್ ರಿಂಗ್ ಮಡಚಿಕೊಂಡಿತ್ತು. ಹುದುಗುವುದು ನಿಜವಾಗಿಯೂ ಮುಗಿದಿರಲೂಬಹುದು. ಗುಳ್ಳೆ ನೋಡಿ ಹೇಳೋಕಾಗಲ್ಲ, ಹೈಡ್ರೋಮೀಟರ್ ಬೇಕೇ ಬೇಕು. ಅದು ಬಿಯರಿನಲ್ಲಿ ತೇಲಿ ಸಾಂದ್ರತೆ ತೋರಿಸುವ ಗಾಜಿನ ಕೊಳವೆ; ಸಕ್ಕರೆ ಹುದುಗಿ ಖಾಲಿಯಾದಂತೆ ಅಂಕಿ ಇಳಿಯುತ್ತದೆ.

ಸ್ಯಾನಿಟೈಸ್ ಮಾಡಿದ ಸೌಟಿನಲ್ಲಿ ಸ್ವಲ್ಪ ಬಿಯರ್ ತೆಗೆದು ಉದ್ದನೆಯ ಜಾರ್‌ಗೆ ಹಾಕಿ. ಹೈಡ್ರೋಮೀಟರನ್ನು ಅದರಲ್ಲಿ ಒಮ್ಮೆ ಗಿರ್ರನೆ ತಿರುಗಿಸಿ ಬಿಡಿ. ಇಲ್ಲದಿದ್ದರೆ ಅಂಟಿಕೊಂಡ ಗುಳ್ಳೆಗಳು ಅದನ್ನು ಮೇಲೆತ್ತಿ ಜಾಸ್ತಿ ತೋರಿಸುತ್ತವೆ. ಅಳೆದದ್ದನ್ನು ವಾಪಸ್ ಸುರಿಯಬೇಡಿ, ಕುಡಿದು ನೋಡಿ. ಎರಡು ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ.

ನಿಮ್ಮ ಏಲ್ (ಒಂದು ಬಗೆಯ ಬಿಯರ್) ಶುರುವಿನ 1.050ರಿಂದ 1.010ರ ಆಸುಪಾಸಿಗೆ ಇಳಿದು, ಎರಡೂ ಸಲ ಒಂದೇ ಅಂಕಿ ಬಂದರೆ ಬಾಟಲಿಗೆ ತುಂಬಿ. 1.020ರಲ್ಲೇ ನಿಂತಿದ್ದರೆ ಬೇಡ, ಉಳಿದ ಸಕ್ಕರೆ ಒಳಗೇ ಹುದುಗಿ ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು. ಬಕೆಟ್ಟನ್ನು 20 ಡಿಗ್ರಿ ಇರುವ ಕಡೆ ಇಟ್ಟು, ಮೆಲ್ಲಗೆ ಅಲುಗಾಡಿಸಿ, ಇನ್ನೊಂದು ವಾರ ಬಿಡಿ.